ನಕ್ಷತ್ರದ ಹೊತ್ತು ಯಾವ ಫೈಲಿನಲ್ಲಿರಬೇಕು? ಕಾಲ ವಿಶ್ಲೇಷಣೆಯ ತಂತ್ರಾಂಶಗಳಿಗೆ ದತ್ತಾಂಶದ ಫಾರ್ಮ್ಯಾಟ್ ಆರಿಸುವ ಬಗೆ

2459876.354118.

ಇದು ದಿನಗಳನ್ನು ಒಂದೇ ಸಮನೆ ಎಣಿಸುತ್ತಾ ಹೋಗುವ ಜೂಲಿಯನ್ ದಿನದ ಲೆಕ್ಕದಲ್ಲಿ ಒಂದು ಚಿತ್ರ ತೆಗೆದ ಹೊತ್ತು. ನಮ್ಮ ಗಡಿಯಾರದಲ್ಲಿ 2022ರ ಅಕ್ಟೋಬರ್ 24ರ ನಸುಕಿನ ಎರಡು ಗಂಟೆಗೆ ನಾಲ್ಕು ಸೆಕೆಂಡ್ ಬಾಕಿ. ಇಂಥ ಆರುನೂರು ಸಾಲುಗಳಿದ್ದ ಫೈಲನ್ನು ನಾನು ಸ್ಪ್ರೆಡ್‌ಶೀಟಿನಲ್ಲಿ ತೆರೆದು, ಮೋಡ ಅಡ್ಡ ಬಂದಿದ್ದ ಒಂದು ಸಾಲು ಅಳಿಸಿ, ಸಿಎಸ್‌ವಿ (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಪಠ್ಯ ಫೈಲು) ಎಂದು ಅದೇ ಹೆಸರಿನಲ್ಲಿ ಉಳಿಸಿದೆ. ಆಮೇಲೆ ನೋಡಿದರೆ ಮೇಲಿನ ಹೊತ್ತು 2459876.354 ಆಗಿ ನಿಂತಿತ್ತು. ಪರದೆಯ ಮೇಲೆ ಎಷ್ಟು ಅಂಕಿ ಕಾಣುತ್ತಿತ್ತೋ ಅಷ್ಟನ್ನೇ ಅದು ಫೈಲಿಗೆ ಬರೆದಿತ್ತು. ದಿನದ ಸಾವಿರದಲ್ಲೊಂದು ಪಾಲು ಎಂದರೆ 86.4 ಸೆಕೆಂಡ್. ನಾನು ನಲವತ್ತು ಸೆಕೆಂಡಿಗೊಂದು ಚಿತ್ರ ತೆಗೆದಿದ್ದೆ. ಹಾಗಾಗಿ ಎರಡೆರಡು ಸಾಲಿಗೆ ಒಂದೇ ಹೊತ್ತು ಬಂದು ಕೂತಿತ್ತು. ಇಡೀ ರಾತ್ರಿಯ ಅಳತೆಯನ್ನು ಮೂಲ ಚಿತ್ರಗಳಿಂದ ಮತ್ತೆ ಮೊದಲಿನಿಂದ ಮಾಡಬೇಕಾಯಿತು.

ಅಂದಿನಿಂದ, ಯಾವ ಫಾರ್ಮ್ಯಾಟ್ ಒಳ್ಳೆಯದು ಎಂದು ಯಾರಾದರೂ ಕೇಳಿದರೆ ಫೈಲಿನ ಗಾತ್ರ, ವೇಗ, ತೆರೆಯುವ ಸುಲಭ ಇವುಗಳ ಮಾತನ್ನು ನಾನು ಕೊನೆಗೆ ಇಟ್ಟುಕೊಳ್ಳುತ್ತೇನೆ. ನಿಮ್ಮ ಫೈಲು ತನ್ನ ಗಡಿಯಾರದ ಬಗ್ಗೆ ಎಷ್ಟು ಹೇಳುತ್ತದೆ, ಹೇಳಿದ್ದನ್ನು ಎಷ್ಟು ಕಾಲ ಕಳೆಯದೆ ಇಟ್ಟುಕೊಳ್ಳುತ್ತದೆ, ಮೊದಲು ನೋಡಬೇಕಾದ್ದು ಅದು.

ಗಡಿಯಾರದ ಬಗ್ಗೆ ಕೇಳಬೇಕಾದ್ದು

ಕಾಲ ವಿಶ್ಲೇಷಣೆಯ ತಂತ್ರಾಂಶಕ್ಕೆ ನಾವು ಕೊಡುವುದು ಒಂದು ಪಟ್ಟಿ: ಇಂಥ ಹೊತ್ತಿಗೆ ಇಷ್ಟು ಬೆಳಕು. ಅದರಲ್ಲಿ ಅಡಗಿರುವ ಆವರ್ತವನ್ನು ಅದು ಹುಡುಕಿಕೊಡುತ್ತದೆ. ಬೆಳಕಿನ ಕಾಲಂ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಕೈ ಕೊಡುವುದು ಹೊತ್ತಿನ ಕಾಲಂ.

ಎಣಿಕೆ ಎಲ್ಲಿಂದ ಶುರು ಎಂಬುದು ಮೊದಲ ಪ್ರಶ್ನೆ. ನಮ್ಮ ಪಂಚಾಂಗ ಗಣಿತದವರು ಇದನ್ನು ಚೆನ್ನಾಗಿ ಬಲ್ಲವರು. ಕಲಿಯುಗದ ಆರಂಭದಿಂದ ದಿನ ಎಣಿಸುವ ಅಹರ್ಗಣದಲ್ಲಿ ದಿನ ಸೂರ್ಯೋದಯಕ್ಕೆ ಶುರುವಾಗುವ ಔದಯಿಕ ಪದ್ಧತಿಯೂ ಇತ್ತು, ನಡುರಾತ್ರಿಗೆ ಶುರುವಾಗುವ ಆರ್ಧರಾತ್ರಿಕ ಪದ್ಧತಿಯೂ ಇತ್ತು. ಯಾವುದೆಂದು ಹೇಳದೆ ಬರಿಯ ಸಂಖ್ಯೆ ಕೊಟ್ಟರೆ ಲೆಕ್ಕ ನಡೆಯುತ್ತಿರಲಿಲ್ಲ. ಇಂದಿನ ಕಥೆಯೂ ಅದೇ. ಜೂಲಿಯನ್ ದಿನ, ಅಂದರೆ ಜೆಡಿ, ಗ್ರೀನಿಚ್ ನಡುಹಗಲಿಗೆ ಶುರು, ಅದರಿಂದ 2400000.5 ಕಳೆದು ಸಿಗುವ ಪರಿಷ್ಕೃತ ಜೂಲಿಯನ್ ದಿನ, ಅಂದರೆ ಎಂಜೆಡಿ, ನಡುರಾತ್ರಿಗೆ ಶುರು. ಕರ್ನಾಟಕದಲ್ಲಿ ಕೂತು ನೋಡುವವರಿಗೆ ಇದರಿಂದ ಒಂದು ಅನುಕೂಲವಿದೆ: ಜೂಲಿಯನ್ ದಿನದ ಪೂರ್ಣಾಂಕ ಸಂಜೆ 5.30ಕ್ಕೆ ಬದಲಾಗುವುದರಿಂದ ಒಂದು ರಾತ್ರಿಯ ಕೆಲಸವೆಲ್ಲ ಒಂದೇ ಪೂರ್ಣಾಂಕದಡಿ ಬರುತ್ತದೆ. ಎಂಜೆಡಿ ಹಾಗಲ್ಲ, ಬೆಳಗಿನ ಜಾವ 5.30ಕ್ಕೆ, ಇನ್ನೂ ದೂರದರ್ಶಕ ಮುಚ್ಚುವ ಮೊದಲೇ ಬದಲಾಗುತ್ತದೆ. ಭಾರತೀಯ ಕಾಲಮಾನವನ್ನು ಜಗತ್ತಿನ ಸಾಮಾನ್ಯ ಕಾಲಮಾನವಾದ ಯುಟಿಸಿಗೆ ತರಲು ಮರೆತರೆ 0.229167 ದಿನದ ತಪ್ಪು. ಫೈಲಿನಲ್ಲಿ ಸರಿಸುಮಾರು 0.229 ವ್ಯತ್ಯಾಸ ಕಂಡರೆ ಬೇರೇನೂ ಹುಡುಕುವ ಮೊದಲು ಇದನ್ನೇ ಅನುಮಾನಿಸಿ.

ಯಾವ ಕಾಲಮಾನ ಎಂಬುದು ಇನ್ನೊಂದು. ಯುಟಿಸಿಗೆ ಆಗಾಗ ಒಂದು ಸೆಕೆಂಡ್ ಸೇರಿಸುತ್ತಾರೆ, ಭೂಕಾಲ ಎನ್ನುವ ಟಿಟಿಗೆ ಸೇರಿಸುವುದಿಲ್ಲ. 2017ರ ಆರಂಭದಿಂದ ಇವೆರಡರ ಅಂತರ 69.184 ಸೆಕೆಂಡ್. ಸೌರವ್ಯೂಹದ ದ್ರವ್ಯಕೇಂದ್ರಕ್ಕೆ ಲೆಕ್ಕ ಹಾಕಿದ ಕಾಲಮಾನವಾದ ಟಿಡಿಬಿ ಎನ್ನುವುದು ಟಿಟಿಯಿಂದ ಒಂದೆರಡು ಮಿಲಿಸೆಕೆಂಡಿಗಿಂತ ಆಚೆ ಸರಿಯುವುದಿಲ್ಲ.

ಎಲ್ಲಿ ನಿಂತು ನೋಡಿದ ಹೊತ್ತು ಎಂಬುದೂ ಬೇಕು. ಭೂಮಿ ಸೂರ್ಯನ ಸುತ್ತ ತಿರುಗುವುದರಿಂದ ಅದೇ ಬೆಳಕು ನಮಗೆ ವರ್ಷದ ಒಂದು ಕಾಲದಲ್ಲಿ 8.3 ನಿಮಿಷ ಮೊದಲು, ಇನ್ನೊಂದು ಕಾಲದಲ್ಲಿ ಅಷ್ಟೇ ತಡವಾಗಿ ತಲುಪಬಹುದು. ಸೂರ್ಯಕೇಂದ್ರಕ್ಕೆ ತಿದ್ದಿದರೆ ಎಚ್‌ಜೆಡಿ, ಸೌರವ್ಯೂಹದ ದ್ರವ್ಯಕೇಂದ್ರಕ್ಕೆ ತಿದ್ದಿದರೆ ಬಿಜೆಡಿ. ಇವೆರಡರ ನಡುವೆ ಹೆಚ್ಚೆಂದರೆ ನಾಲ್ಕು ಸೆಕೆಂಡ್ ಅಂತರ. ಕೊನೆಯದಾಗಿ, ಅರವತ್ತು ಸೆಕೆಂಡಿನ ಚಿತ್ರವಾದರೆ ಬರೆದಿರುವುದು ಶುರುವಿನ ಹೊತ್ತೋ ನಡುವಿನದೋ? ಕ್ಯಾಮೆರಾದ ಫೈಲುಗಳಲ್ಲಿ ಸಾಮಾನ್ಯವಾಗಿ ಇರುವುದು ಶುರುವಿನ ಹೊತ್ತು, ವಿಶ್ಲೇಷಣೆಗೆ ಬೇಕಾದ್ದು ನಡುವಿನದು.

ಎರಡು ಕಾಲಂಗಳ ಪಠ್ಯ ಫೈಲು

ಆವರ್ತ ಹುಡುಕುವ ತಂತ್ರಾಂಶಗಳಾದ ಪೀರಿಯಡ್04, ವಿಸ್ಟಾರ್, ಪೆರಾನ್ಸೊ ಮೂರೂ ಇದನ್ನು ಓದುತ್ತವೆ. ಒಂದು ಸಾಲಿಗೆ ಒಂದು ಅಳತೆ: ಹೊತ್ತು, ಕಾಂತಿಮಾನ (ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂಕು), ಬೇಕಿದ್ದರೆ ದೋಷದ ಅಂದಾಜು.

2459876.354118 9.412 0.008
2459876.354581 9.415 0.008

ಇಪ್ಪತ್ತು ವರ್ಷದ ನಂತರವೂ ಯಾವ ಕಂಪ್ಯೂಟರಿನಲ್ಲೂ ತೆರೆಯುತ್ತದೆ, ಕಣ್ಣಾರೆ ಓದಬಹುದು, ತಪ್ಪಿದ್ದರೆ ಕೈಯಿಂದಲೇ ತಿದ್ದಬಹುದು. ಪೀರಿಯಡ್04 ಫೈಲು ತೆರೆಯುವಾಗ ಯಾವ ಕಾಲಂ ಏನು ಎಂದು ನಿಮ್ಮನ್ನೇ ಕೇಳುತ್ತದೆ. ನೂರಾರು ರಾತ್ರಿ ಬರಿಗಣ್ಣಿನಿಂದಲೋ ಬೈನಾಕ್ಯುಲರಿನಿಂದಲೋ ನೋಡಿದ ಮೀರಾ ನಕ್ಷತ್ರಕ್ಕೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಅದರ ಏರಿಳಿತ ಸುಮಾರು 332 ದಿನದ್ದು, ಹತ್ತು ನಿಮಿಷ ಆಚೀಚೆಯಾದರೆ ಅದಕ್ಕೆ ಗೊತ್ತೂ ಆಗುವುದಿಲ್ಲ.

ಅದೇ ಎಸ್‌ಎಕ್ಸ್ ಫೀನಿಸಿಸ್ ಥರದ ನಕ್ಷತ್ರ ತೆಗೆದುಕೊಳ್ಳಿ. ಅದರ ಒಂದು ಮಿಡಿತ 79 ನಿಮಿಷದಲ್ಲಿ ಮುಗಿಯುತ್ತದೆ. ಭೂಮಿಯ ಸ್ಥಾನದ ತಿದ್ದುಪಡಿ ಆಗಿದೆಯೋ ಇಲ್ಲವೋ ಎಂಬುದು ಇಲ್ಲಿ ದೊಡ್ಡ ಮಾತು. ಮೇಲಿನ ಎರಡು ಸಾಲು ಮಾತ್ರ ನನ್ನ ಕೈಗೆ ಕೊಟ್ಟರೆ ಅದು ಜೆಡಿಯೋ ಎಚ್‌ಜೆಡಿಯೋ ಬಿಜೆಡಿಯೋ ಹೇಳಲಾರೆ. ಬೇರೆ ಯಾರೂ ಹೇಳಲಾರರು. ಪಠ್ಯ ಫೈಲಿನ ಕೊರತೆ ಇದೊಂದೇ, ಆದರೆ ಇದು ದೊಡ್ಡದು. ತಲೆಯಲ್ಲಿ # ಹಾಕಿ ವಿವರ ಬರೆಯಬಹುದು. ಕೆಲವು ತಂತ್ರಾಂಶಗಳು ಅಂಥ ಸಾಲನ್ನು ದಾಟಿ ಮುಂದೆ ಹೋಗುತ್ತವೆ, ಕೆಲವು ಅಲ್ಲೇ ನಿಲ್ಲುತ್ತವೆ. ನಾನು ಅದೇ ಹೆಸರಿನ ಇನ್ನೊಂದು ಪುಟ್ಟ ಫೈಲು ಜೊತೆಗೆ ಇಡುತ್ತೇನೆ: ಕಾಲಮಾನ ಯಾವುದು, ಎಲ್ಲಿಗೆ ತಿದ್ದಿದೆ, ಶುರುವಿನ ಹೊತ್ತೋ ನಡುವಿನದೋ, ಯಾವ ಶೋಧಕ ಗಾಜು. ಐದು ಸಾಲಿನ ಕೆಲಸ. ಮತ್ತೆ, ಈ ಫೈಲನ್ನು ಸ್ಪ್ರೆಡ್‌ಶೀಟಿನಲ್ಲಿ ತೆರೆದು ನೋಡಿ, ಉಳಿಸಬೇಡಿ.

ಎಎವಿಎಸ್‌ಒ ವಿಸ್ತೃತ ಫಾರ್ಮ್ಯಾಟ್

1911ರಿಂದ ಬೆಳಕು ಬದಲಾಗುವ ನಕ್ಷತ್ರಗಳ ದಾಖಲೆ ಕೂಡಿಡುತ್ತಿರುವ ಅಮೆರಿಕದ ಸಂಘ ಎಎವಿಎಸ್‌ಒ. ಅಳತೆ ಕಳುಹಿಸಲು ಅದು ಗೊತ್ತುಪಡಿಸಿರುವ ವಿಸ್ತೃತ ಫಾರ್ಮ್ಯಾಟ್ ಕೂಡ ಪಠ್ಯವೇ. ಆದರೆ ತಲೆಯಲ್ಲಿ ವೀಕ್ಷಕರ ಸಂಕೇತ, ಬಳಸಿದ ತಂತ್ರಾಂಶ, ಕಾಲಂ ಬೇರ್ಪಡಿಸುವ ಚಿಹ್ನೆ, ದಿನಾಂಕ ಜೆಡಿಯೋ ಎಚ್‌ಜೆಡಿಯೋ ಎಂಬುದು ಇರಲೇಬೇಕು. ಒಂದೊಂದು ಸಾಲಿಗೆ ಹದಿನೈದು ಮನೆಗಳು: ನಕ್ಷತ್ರದ ಹೆಸರು, ಹೊತ್ತು, ಕಾಂತಿಮಾನ, ದೋಷ, ಶೋಧಕ, ಹೋಲಿಕೆ ನಕ್ಷತ್ರ, ಪರೀಕ್ಷಾ ನಕ್ಷತ್ರ, ವಾಯುರಾಶಿ, ನಕ್ಷೆಯ ಸಂಕೇತ ಹೀಗೆ. ಗೊತ್ತಿಲ್ಲದ ಮನೆಗೆ 'ಎನ್ಎ' ಎಂದು ಬರೆಯಬೇಕು, ಖಾಲಿ ಬಿಡುವಂತಿಲ್ಲ.

ಮೊದಲ ಸಲ ಬರೆಯುವವರಿಗೆ ಇದು ಬೇಸರದ ಕೆಲಸ. ಆದರೂ, ಸಂಘಕ್ಕೆ ಕಳುಹಿಸುವ ಉದ್ದೇಶ ಇಲ್ಲದವರಿಗೂ ನಾನು ಇದನ್ನೇ ಹೇಳುತ್ತೇನೆ. ಎರಡು ವರ್ಷದ ನಂತರ ಎರಡು ರಾತ್ರಿಗಳ ನಡುವೆ 0.05 ಕಾಂತಿಮಾನದ ಜಿಗಿತ ಕಂಡಾಗ, ಹೋಲಿಕೆ ನಕ್ಷತ್ರ ಬದಲಾಗಿತ್ತೇ ಎಂದು ನೋಡಲು ಈ ಫೈಲಿನಲ್ಲಿ ಉತ್ತರವಿರುತ್ತದೆ. ಎರಡು ಕಾಲಂಗಳ ಫೈಲಿನಲ್ಲಿ ನೆನಪನ್ನೇ ನಂಬಬೇಕು.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಸಂಘಕ್ಕೆ ಕಳುಹಿಸುವ ಫಾರ್ಮ್ಯಾಟ್ ಬೇರೆ, ಅಲ್ಲಿಂದ ಇಳಿಸಿಕೊಳ್ಳುವಾಗ ಸಿಗುವ ಫೈಲಿನ ಕಾಲಂ ಕ್ರಮ ಬೇರೆ. ಒಂದಕ್ಕೆಂದು ಬರೆದ ಸ್ಕ್ರಿಪ್ಟನ್ನು ಇನ್ನೊಂದಕ್ಕೆ ಓಡಿಸಬೇಡಿ. ಎರಡನೆಯದು ಇನ್ನೂ ಸೂಕ್ಷ್ಮ: ನಕ್ಷತ್ರ ಕಾಣಲೇ ಇಲ್ಲ, 14.5ಕ್ಕಿಂತ ಮಂಕಾಗಿತ್ತು ಎನ್ನುವುದಕ್ಕೆ ಇಲ್ಲಿ <14.5 ಎಂದು ಬರೆಯುತ್ತಾರೆ. ಆಸ್‌ಆಸ್‌ಎಸ್‌ಎನ್ ಎಂಬ ಆಕಾಶ ಸಮೀಕ್ಷೆಯ ಸಿಎಸ್‌ವಿಯಲ್ಲಿ ಅದೇ ಅರ್ಥಕ್ಕೆ >16.9 ಎಂದು ಇರುತ್ತದೆ, ದೋಷದ ಮನೆಯಲ್ಲಿ 99.99. ಒಬ್ಬರು ಬೆಳಕು ಕಡಿಮೆ ಎಂಬ ಅರ್ಥದಲ್ಲಿ ಚಿಹ್ನೆ ಹಾಕಿದ್ದಾರೆ, ಇನ್ನೊಬ್ಬರು ಅಂಕಿ ಹೆಚ್ಚು ಎಂಬ ಅರ್ಥದಲ್ಲಿ. ಎರಡೂ ಸರಿಯೇ. ಆದರೆ ಚಿಹ್ನೆಯನ್ನು ಉದುರಿಸಿ ಬರಿಯ ಸಂಖ್ಯೆ ಉಳಿಸುವ ಪರಿವರ್ತಕದ ಕೈಗೆ ಸಿಕ್ಕರೆ, ನಕ್ಷತ್ರ ಕಾಣದ ರಾತ್ರಿಗಳೆಲ್ಲ ನಿಜವಾದ ಅಳತೆಗಳಾಗಿ ಲೈಟ್ ಕರ್ವ್‌ನಲ್ಲಿ, ಅಂದರೆ ಹೊತ್ತಿಗೆ ತಕ್ಕಂತೆ ಬೆಳಕು ಬದಲಾದ ದಾಖಲೆಯಲ್ಲಿ, ಕೂತುಬಿಡುತ್ತವೆ. ಹುಣ್ಣಿಮೆಯ ಆಸುಪಾಸಿನಲ್ಲಿ ಕಾಣದಿರುವುದು ಹೆಚ್ಚಾದ್ದರಿಂದ ಆವರ್ತ ಹುಡುಕಿದಾಗ ಇಪ್ಪತ್ತೊಂಬತ್ತೂವರೆ ದಿನದ ಸುಳ್ಳು ಶಿಖರ ಏಳುತ್ತದೆ. ಅದು ಚಂದ್ರನದು, ನಕ್ಷತ್ರದ್ದಲ್ಲ.

ಸಮೀಕ್ಷೆಗಳ ಸಿಎಸ್‌ವಿ, ಮತ್ತು ಇಸಿಎಸ್‌ವಿ

ಇಂದು ದೂರದರ್ಶಕ ಇಲ್ಲದವರೂ ಸಮೀಕ್ಷೆಗಳ ದತ್ತಾಂಶ ಇಳಿಸಿಕೊಂಡು ಕೆಲಸ ಮಾಡಬಹುದು. ಹೊತ್ತಿನ ವಿಷಯದಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ದಾರಿ. ಆಸ್‌ಆಸ್‌ಎಸ್‌ಎನ್ ಕೊಡುವುದು ಎಚ್‌ಜೆಡಿ. ಜಡ್‌ಟಿಎಫ್ ಎಚ್‌ಜೆಡಿ, ಎಂಜೆಡಿ ಎರಡನ್ನೂ ಕೊಡುತ್ತದೆ. ಬಾಹ್ಯಾಕಾಶ ದೂರದರ್ಶಕಗಳಲ್ಲಿ ಕೆಪ್ಲರ್ ಬಿಜೆಡಿಯಿಂದ 2454833 ಕಳೆದಿರುತ್ತದೆ, ಟೆಸ್ 2457000 ಕಳೆದಿರುತ್ತದೆ, ಗಾಯಾ 2455197.5 ಕಳೆದಿರುತ್ತದೆ, ಮೇಲಾಗಿ ಅದರ ಕಾಲಮಾನ ಟಿಸಿಬಿ, ಟಿಡಿಬಿಗಿಂತ ತುಸು ಬೇರೆ ವೇಗದಲ್ಲಿ ನಡೆಯುವ ಗಡಿಯಾರ. ಇವನ್ನು ಒಂದರ ಕೆಳಗೊಂದು ಅಂಟಿಸಿ ಒಂದೇ ಪಟ್ಟಿ ಮಾಡುವ ಮೊದಲು ಎಲ್ಲವನ್ನೂ ಟಿಡಿಬಿಯ ಬಿಜೆಡಿಗೆ ತನ್ನಿ. ಕಳೆದ ಸಂಖ್ಯೆಯನ್ನು ಕೂಡಿಸಿದರೆ ಸಾಕು ಎಂದುಕೊಂಡು ಅಲ್ಲಿಗೇ ನಿಲ್ಲಿಸುವವರೇ ಹೆಚ್ಚು. ಯುಟಿಸಿಯ ಎಚ್‌ಜೆಡಿಯನ್ನು ಟೆಸ್ ಹೊತ್ತಿನ ಪಕ್ಕದಲ್ಲಿ ಹಾಗೇ ಇಟ್ಟರೆ ಒಂದು ನಿಮಿಷಕ್ಕೂ ಹೆಚ್ಚಿನ ಜರುಗು ಉಳಿಯುತ್ತದೆ. ಒಂದನ್ನೊಂದು ಮರೆಮಾಡುತ್ತಾ ಸುತ್ತುವ ಜೋಡಿ ನಕ್ಷತ್ರಗಳಲ್ಲಿ ಆವರ್ತ ನಿಧಾನವಾಗಿ ಬದಲಾಗುತ್ತಿದೆಯೇ ಎಂದು ನೋಡುವವರಿಗೆ ಆ ಒಂದು ನಿಮಿಷವೇ ಹೊಸ ಗ್ರಹದಂತೆ ಕಾಣಬಹುದು.

ಹೀಗೆ ಒಟ್ಟುಮಾಡಿದ್ದನ್ನು ಎಲ್ಲಿ ಇಡಬೇಕು ಎಂದರೆ ನನ್ನ ಉತ್ತರ ಇಸಿಎಸ್‌ವಿ. ಪೈಥಾನಿನ ಖಗೋಳ ಪೊಟ್ಟಣವಾದ ಆಸ್ಟ್ರೊಪೈ ಬಳಸುವವರು ಒಂದೇ ಸಾಲಿನಲ್ಲಿ ಬರೆಯಬಹುದು, ಓದಬಹುದು. ನೋಡಲು ಮಾಮೂಲಿ ಸಿಎಸ್‌ವಿಯೇ, ಆದರೆ ತಲೆಯಲ್ಲಿ # ಸಾಲುಗಳಲ್ಲಿ ಪ್ರತಿ ಕಾಲಂನ ಮಾನ, ದತ್ತಾಂಶದ ಬಗೆ, ನೀವು ಸೇರಿಸಿದ ಟಿಪ್ಪಣಿ ಎಲ್ಲ ಇರುತ್ತದೆ. ಹೊತ್ತಿನ ಕಾಲಂ ಟಿಡಿಬಿ ಎಂದು ಒಮ್ಮೆ ಹೇಳಿ ಉಳಿಸಿದರೆ ಮುಂದಿನ ಸಲ ತೆರೆದಾಗ ಅದು ಟಿಡಿಬಿಯಾಗಿಯೇ ಬರುತ್ತದೆ. ಕಣ್ಣಿಗೆ ಕಾಣುವ ಪಠ್ಯವೂ ಹೌದು, ಗಡಿಯಾರ ಮರೆಯದ ಫೈಲೂ ಹೌದು. ವಿಒಟೇಬಲ್ ಕೂಡ ಇದೇ ಕೆಲಸ ಮಾಡುತ್ತದೆ, ಆದರೆ ಅದರ ಎಕ್ಸ್‌ಎಂಎಲ್ ಮನುಷ್ಯರು ಓದಲೆಂದು ಮಾಡಿದ್ದಲ್ಲ. ದತ್ತಾಂಶ ಭಂಡಾರ ಅದನ್ನೇ ಕೊಟ್ಟರೆ ಓದಿಕೊಳ್ಳಿ, ನೀವಾಗಿ ಬರೆಯಬೇಕಿಲ್ಲ.

ಫಿಟ್ಸ್: ಎಕ್ಸ್-ಕಿರಣದವರಿಗೆ ಬೇರೆ ದಾರಿಯಿಲ್ಲ, ಬೇಕಾಗಿಯೂ ಇಲ್ಲ

1981ರಲ್ಲಿ ಪ್ರಕಟವಾದ ಫಿಟ್ಸ್ ಎಂಬ ಫೈಲ್ ಫಾರ್ಮ್ಯಾಟ್ ಇಂದಿಗೂ ಖಗೋಳಶಾಸ್ತ್ರದ ಸಾಮಾನ್ಯ ಭಾಷೆ. ವಿವರ ಬರೆದಿಡುವ ಅದರ ತಲೆಭಾಗದ, ಅಂದರೆ ಹೆಡರಿನ, ಒಂದೊಂದು ಸಾಲೂ 80 ಅಕ್ಷರದ್ದು, ರಂಧ್ರ ಕೊರೆದ ಕಾರ್ಡುಗಳ ಕಾಲದ ಗುರುತು. ಹಾಗಾಗಿಯೇ ಆ ಸಾಲನ್ನು ಇಂದಿಗೂ ಕಾರ್ಡ್ ಎನ್ನುತ್ತಾರೆ. 36 ಕಾರ್ಡ್ ಸೇರಿದರೆ 2880 ಬೈಟಿನ ಒಂದು ಕಟ್ಟು.

ಎಕ್ಸ್-ಕಿರಣ ಉಪಗ್ರಹಗಳ ಫಿಟ್ಸ್ ಫೈಲುಗಳು ಒಜಿಐಪಿ ಎಂಬ ರೂಢಿಯನ್ನು ಪಾಲಿಸುತ್ತವೆ, ಅದು ನಾಸಾದ ಗೊಡಾರ್ಡ್ ಕೇಂದ್ರದಲ್ಲಿ ರೂಪುಗೊಂಡದ್ದು. ನಾನು ಮೇಲೆ ಕೇಳಿದ ಪ್ರಶ್ನೆಗಳೆಲ್ಲಕ್ಕೂ ಅದರಲ್ಲಿ ಒಂದೊಂದು ಕಾರ್ಡ್ ಇದೆ. ಟೈಮ್‌ಸಿಸ್ ಕಾಲಮಾನ ಹೇಳುತ್ತದೆ. ಎಂಜೆಡಿರೆಫ್ಐ ಮತ್ತು ಎಂಜೆಡಿರೆಫ್ಎಫ್ ಎಣಿಕೆಯ ಸೊನ್ನೆ ಎಲ್ಲಿದೆ ಎಂದು ಪೂರ್ಣಾಂಕ, ಭಿನ್ನಾಂಶ ಬೇರೆಬೇರೆಯಾಗಿ ಹೇಳುತ್ತವೆ. ಟೈಮ್‌ಪಿಕ್ಸ್‌ಆರ್ 0 ಇದ್ದರೆ ಪ್ರತಿ ಸಾಲಿನ ಹೊತ್ತು ಅವಧಿಯ ಶುರುವಿನದು, 0.5 ಇದ್ದರೆ ನಡುವಿನದು.

ಪೂರ್ಣಾಂಕ, ಭಿನ್ನಾಂಶಗಳನ್ನು ಬೇರೆ ಮಾಡಿದ್ದಕ್ಕೆ ಗಟ್ಟಿಯಾದ ಕಾರಣವಿದೆ. ಕಂಪ್ಯೂಟರು ಒಂದು ಸಂಖ್ಯೆಯನ್ನು 64 ಬಿಟ್‌ನಲ್ಲಿ ಇಟ್ಟಾಗ ಹದಿನೈದು ಹದಿನಾರು ಅಂಕಿಗಳಷ್ಟೇ ಹಿಡಿಯುತ್ತವೆ. ಇಡೀ ಜೂಲಿಯನ್ ದಿನವನ್ನು ಅದರಲ್ಲಿ ತುಂಬಿದರೆ ಪಕ್ಕಪಕ್ಕದ ಎರಡು ಸಂಖ್ಯೆಗಳ ನಡುವೆ 40 ಮೈಕ್ರೊಸೆಕೆಂಡ್ ಅಂತರ. ಎಂಜೆಡಿಯಾದರೆ ಅದು 0.6 ಮೈಕ್ರೊಸೆಕೆಂಡಿಗೆ ಇಳಿಯುತ್ತದೆ. ಉಪಗ್ರಹದ ಸೊನ್ನೆಯಿಂದ ಸೆಕೆಂಡುಗಳಲ್ಲಿ ಎಣಿಸಿ ಐವತ್ತು ಕೋಟಿ ಸೆಕೆಂಡ್ ಆಗಿದ್ದರೂ 60 ನ್ಯಾನೊಸೆಕೆಂಡ್ ಅಷ್ಟೇ. 32 ಬಿಟ್‌ನಲ್ಲಿ ಇಟ್ಟರಂತೂ ಜೂಲಿಯನ್ ದಿನ ಆರಾರು ಗಂಟೆಗೆ ಒಂದು ಹೆಜ್ಜೆ ಹಾಕುತ್ತದೆ, ಎಂಜೆಡಿ ಐದೂವರೆ ನಿಮಿಷಕ್ಕೊಂದು. ಬೆಳಕಿನ ಕಾಲಂಗೆ 32 ಬಿಟ್ ಸಾಕು, ಟೆಸ್ ಫೈಲುಗಳಲ್ಲೂ ಹಾಗೇ ಇದೆ. ಹೊತ್ತಿಗೆ ಮಾತ್ರ ಯಾವತ್ತೂ ಅದನ್ನು ಬಳಸಬೇಡಿ. ನೀವೇ ಫಿಟ್ಸ್ ಬರೆಯುತ್ತಿದ್ದರೆ ಹೊತ್ತಿನ ಕಾಲಂನ ಗುರುತು ಇ (32 ಬಿಟ್) ಅಲ್ಲ, ಡಿ (64 ಬಿಟ್) ಎಂದು ಎರಡೆರಡು ಸಲ ನೋಡಿ.

ಫಿಟ್ಸ್ ಒಳಗೇ ಇನ್ನೊಂದು ಆಯ್ಕೆ ಇದೆ. ಈ ಬರಹದಲ್ಲಿ ಎಲ್ಲಕ್ಕಿಂತ ಮುಖ್ಯವೆಂದು ನಾನು ಎಣಿಸುವುದು ಅದನ್ನೇ: ಲೈಟ್ ಕರ್ವ್ ಇಟ್ಟುಕೊಳ್ಳುವುದೋ, ಘಟನೆಗಳ ಪಟ್ಟಿ ಇಟ್ಟುಕೊಳ್ಳುವುದೋ?

ಘಟನೆಗಳ ಪಟ್ಟಿಯಲ್ಲಿ ಒಂದೊಂದು ಫೋಟಾನ್‌ಗೂ ಒಂದು ಸಾಲು: ಬಂದ ಹೊತ್ತು, ಶಕ್ತಿಯ ಚಾನೆಲ್. ಲೈಟ್ ಕರ್ವ್‌ನಲ್ಲಿ ಅವನ್ನು ಒಂದು ಸೆಕೆಂಡಿಗೋ ಹತ್ತು ಸೆಕೆಂಡಿಗೋ ಗುಂಪು ಕಟ್ಟಿ ಎಣಿಸಿರುತ್ತಾರೆ. ಸೆಕೆಂಡಿಗೆ ಸಾವಿರ ಫೋಟಾನ್ ಬರುವ ಮೂಲವನ್ನು ಇಪ್ಪತ್ತು ಸಾವಿರ ಸೆಕೆಂಡ್ ನೋಡಿದರೆ ಎರಡು ಕೋಟಿ ಸಾಲು. ಹೊತ್ತಿಗೆ 8, ಚಾನೆಲ್‌ಗೆ 2 ಬೈಟ್ ಎಂದರೆ 200 ಎಂಬಿ. ಒಂದು ಸೆಕೆಂಡಿನ ಲೈಟ್ ಕರ್ವ್ ಮಾಡಿದರೆ ಬರಿಯ ಇಪ್ಪತ್ತು ಸಾವಿರ ಸಾಲು. ಹಗುರ ಎಂದು ಎರಡನೆಯದನ್ನು ಮಾತ್ರ ಇಟ್ಟುಕೊಂಡು ಮೊದಲನೆಯದನ್ನು ಅಳಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಸೆಕೆಂಡಿಗೆ ಗುಂಪು ಕಟ್ಟಿದ ಮೇಲೆ 0.5 ಹರ್ಟ್ಸ್‌ಗಿಂತ ವೇಗದ ಮಿಡಿತ ಆ ಫೈಲಿನಲ್ಲಿ ಕಾಣುವುದಿಲ್ಲ. ಏಡಿ ನೀಹಾರಿಕೆಯ ಪಲ್ಸಾರ್ (ವೇಗವಾಗಿ ಸುತ್ತುತ್ತಾ ಮಿಡಿಯುವ ನಕ್ಷತ್ರದ ಅವಶೇಷ) ಸೆಕೆಂಡಿಗೆ ಸುಮಾರು ಮೂವತ್ತು ಸಲ ಮಿಡಿಯುತ್ತದೆ. ಒಂದು ಸೆಕೆಂಡಿನ ಲೈಟ್ ಕರ್ವ್‌ನಲ್ಲಿ ಅದು ಅಲುಗಾಡದ ನೇರ ಗೆರೆ. ಘಟನೆಗಳ ಪಟ್ಟಿಯಿಂದ ಬೇಕಾದ ಲೈಟ್ ಕರ್ವ್ ಯಾವಾಗ ಬೇಕಾದರೂ ಕಟ್ಟಬಹುದು, ಲೈಟ್ ಕರ್ವ್‌ನಿಂದ ಘಟನೆಗಳಿಗೆ ಮರಳುವ ದಾರಿಯಿಲ್ಲ. ಸ್ಟಿಂಗ್‌ರೇ, ಹೆಂಡ್ರಿಕ್ಸ್ ತಂತ್ರಾಂಶಗಳು ಘಟನೆಗಳ ಪಟ್ಟಿಯನ್ನು ನೇರವಾಗಿ ಓದುತ್ತವೆ. ಕ್ಸ್ರೊನೊಸ್ ಎರಡನ್ನೂ ಓದುತ್ತದೆ.

ನಮ್ಮವರಿಗೆ ಇದು ದೂರದ ಮಾತಲ್ಲ. 2015ರ ಸೆಪ್ಟೆಂಬರ್ 28ರಂದು ಹಾರಿದ ಭಾರತದ ಖಗೋಳ ಉಪಗ್ರಹ ಆಸ್ಟ್ರೊಸ್ಯಾಟ್‌ನ ದತ್ತಾಂಶ ಸಿಗುವುದು ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿರುವ ಇಸ್ರೊದ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರದಿಂದ. ಅದರ ಲಾಕ್ಸ್‌ಪಿಸಿ ಉಪಕರಣ ಫೋಟಾನ್ ಬಂದ ಹೊತ್ತನ್ನು 10 ಮೈಕ್ರೊಸೆಕೆಂಡಿನ ಮಟ್ಟಕ್ಕೆ ಗುರುತಿಸುತ್ತದೆ. ಎಂಎಸ್ಸಿ ಪ್ರಾಜೆಕ್ಟಿಗೆ ಇದನ್ನು ಆರಿಸಿಕೊಂಡ ವಿದ್ಯಾರ್ಥಿಗಳು ಮೊದಲು ತಿಳಿಯಬೇಕಾದ್ದು ಒಂದಿದೆ. ಆಸ್ಟ್ರೊಸ್ಯಾಟ್ 2010ರ ಜನವರಿ 1ರ ಶೂನ್ಯ ಗಂಟೆಯಿಂದ ಸೆಕೆಂಡ್ ಎಣಿಸುತ್ತದೆ, ಕಾಲಮಾನ ಯುಟಿಸಿ. ನಾಸಾದ ಎಕ್ಸ್-ಕಿರಣ ಉಪಗ್ರಹ ನುಸ್ಟಾರ್ ಎಣಿಸುವುದೂ ಅದೇ ದಿನದಿಂದ, ಎರಡರ ಎಂಜೆಡಿರೆಫ್ಐ 55197. ಆದರೆ ನುಸ್ಟಾರ್‌ನ ಕಾಲಮಾನ ಟಿಟಿ, ಅದರ ಭಿನ್ನಾಂಶದ ಕಾರ್ಡಿನಲ್ಲಿ 66.184 ಸೆಕೆಂಡಿಗೆ ಸಮನಾದ ಅಂಕಿ ಇರುತ್ತದೆ. ಎರಡೂ ಒಂದೇ ಮೂಲವನ್ನು ಒಟ್ಟಿಗೆ ನೋಡಿದಾಗ ಪೂರ್ಣಾಂಕ ಮಾತ್ರ ನೋಡಿ ಹೊತ್ತು ಕೂಡಿಸಿದವರು ಒಂದೇ ಸ್ಫೋಟವನ್ನು ಎರಡೆಂದು ಎಣಿಸುತ್ತಾರೆ. ದ್ರವ್ಯಕೇಂದ್ರಕ್ಕೆ ತಿದ್ದಲು ಆಸ್ಟ್ರೊಸ್ಯಾಟ್‌ಗೆ ಎಎಸ್1ಬ್ಯಾರಿ ಎಂಬ ಅದರದೇ ಉಪಕರಣವಿದೆ, ಬೇರೆ ಉಪಗ್ರಹದ್ದನ್ನು ಬಳಸಬೇಡಿ. ಉಪಗ್ರಹ ಆ ಕ್ಷಣ ಎಲ್ಲಿತ್ತು ಎಂಬ ಕಕ್ಷೆಯ ಫೈಲು ಅದಕ್ಕೆ ಬೇಕು, ಇಳಿಸಿಕೊಳ್ಳುವಾಗ ಅದನ್ನೂ ಜೊತೆಗೆ ತೆಗೆದಿಡಿ.

ಫಿಟ್ಸ್ ಬಿಟ್ಟು ಪಠ್ಯಕ್ಕೆ ಇಳಿದಾಗ ಮೊದಲು ಕಳೆದುಹೋಗುವುದು ಜಿಟಿಐ, ಅಂದರೆ ಉಪಕರಣ ಸರಿಯಾಗಿ ನೋಡುತ್ತಿದ್ದ ಅವಧಿಗಳ ಪಟ್ಟಿ. ಭೂಮಿಗೆ ಹತ್ತಿರದ ಕಕ್ಷೆಯ ಉಪಗ್ರಹಕ್ಕೆ ಒಂದೂವರೆ ಗಂಟೆಗಿಷ್ಟು ಹೆಚ್ಚಿನ ಪ್ರತಿ ಸುತ್ತಿನಲ್ಲೂ ಭೂಮಿ ಮೂಲವನ್ನು ಮರೆಮಾಡಬಹುದು. ಜಿಟಿಐ ಇದ್ದರೆ ಆ ಹೊತ್ತು ಖಾಲಿ ಎಂದು ತಂತ್ರಾಂಶಕ್ಕೆ ಗೊತ್ತಿರುತ್ತದೆ. ಇಲ್ಲದಿದ್ದರೆ ಸೊನ್ನೆ ಫೋಟಾನ್ ಬಂತು ಎಂದುಕೊಳ್ಳುತ್ತದೆ, ಆಮೇಲೆ ಉಪಗ್ರಹದ ಸುತ್ತನ್ನೇ ನಕ್ಷತ್ರದ ಆವರ್ತವೆಂದು ನಿಮ್ಮ ಮುಂದಿಡುತ್ತದೆ.

ಟೆಸ್, ಕೆಪ್ಲರ್ ಫೈಲುಗಳೂ ಫಿಟ್ಸ್, ಆದರೆ ಇವು ಲೈಟ್ ಕರ್ವ್‌ಗಳು. ಲೈಟ್‌ಕರ್ವ್ ಎಂಬ ಹೆಸರಿನದೇ ಪೈಥಾನ್ ಪೊಟ್ಟಣ ಇವನ್ನು ಚೆನ್ನಾಗಿ ಓದುತ್ತದೆ. ಪೀರಿಯಡ್04ಕ್ಕೆ ಕೊಡಬೇಕೆಂದರೆ ಪಠ್ಯಕ್ಕೆ ಇಳಿಸಿಕೊಳ್ಳಲೇಬೇಕು. ಆಗ ಸಂಖ್ಯೆಯಿಲ್ಲದ ಸಾಲುಗಳನ್ನು, ಗುಣಮಟ್ಟದ ಕಾಲಂನಲ್ಲಿ ಸೊನ್ನೆಯಲ್ಲದ ಸಾಲುಗಳನ್ನು ಮೊದಲೇ ತೆಗೆಯಿರಿ. ಫಿಟ್ಸ್ ಸಂಖ್ಯೆಗಳನ್ನು ದೊಡ್ಡ ತುದಿ ಮೊದಲು ಬರುವಂತೆ ಬರೆಯುತ್ತದೆ, ನಮ್ಮ ಮನೆಯ ಕಂಪ್ಯೂಟರುಗಳು ಸಣ್ಣ ತುದಿ ಮೊದಲು. ಪಟ್ಟಿಗಳನ್ನು ನಿಭಾಯಿಸುವ ಪೈಥಾನ್ ಪೊಟ್ಟಣ ಪಾಂಡಾಸ್‌ಗೆ ನೇರವಾಗಿ ಕೊಟ್ಟಾಗ ಬರುವ ಅರ್ಥವಾಗದ ದೋಷ ಸಂದೇಶಕ್ಕೆ ಕಾರಣ ಬಹುಮಟ್ಟಿಗೆ ಇದೇ. ಆಸ್ಟ್ರೊಪೈಯ ಟೇಬಲ್ ಮೂಲಕ ಹೋದರೆ ಅದೇ ತಿರುಗಿಸಿಕೊಡುತ್ತದೆ.

ಪಲ್ಸಾರ್‌ಗಳ ಜೋಡಿ: ಪಾರ್ ಮತ್ತು ಟಿಮ್

ರೇಡಿಯೊ ಪಲ್ಸಾರ್ ಕಾಲಗಣನೆಯಲ್ಲಿ ಟೆಂಪೊ2 ತಂತ್ರಾಂಶವಾಗಲಿ ಪಿಂಟ್ ಆಗಲಿ ಕೇಳುವುದು ಎರಡು ಪಠ್ಯ ಫೈಲು. ಟಿಮ್ ಫೈಲಿನಲ್ಲಿ ಮಿಡಿತ ಬಂದ ಹೊತ್ತುಗಳು, ಪಾರ್ ಫೈಲಿನಲ್ಲಿ ಪಲ್ಸಾರ್‌ನ ಸ್ಥಾನ, ತಿರುಗುವ ವೇಗ, ಜೋಡಿಯಿದ್ದರೆ ಕಕ್ಷೆ. ಟೆಂಪೊ2 ಶೈಲಿಯ ಟಿಮ್ ಸಾಲಿನಲ್ಲಿ ಮೂಲ ಫೈಲಿನ ಹೆಸರು, ಮೆಗಾಹರ್ಟ್ಸ್‌ನಲ್ಲಿ ಆವೃತ್ತಿ, ಎಂಜೆಡಿ, ಮೈಕ್ರೊಸೆಕೆಂಡಿನಲ್ಲಿ ದೋಷ, ದೂರದರ್ಶಕದ ಸಂಕೇತ ಈ ಕ್ರಮದಲ್ಲಿ ಬರುತ್ತವೆ.

ಹೊತ್ತನ್ನು ದ್ರವ್ಯಕೇಂದ್ರಕ್ಕೆ ತಿದ್ದದೆ, ದೂರದರ್ಶಕದ ಗಡಿಯಾರ ತೋರಿಸಿದ ಹಾಗೆಯೇ ಇಲ್ಲಿ ಬರೆಯುತ್ತಾರೆ. ತಿದ್ದುವುದು ತಂತ್ರಾಂಶದ ಕೆಲಸ. ನಾಳೆ ಗ್ರಹಗಳ ಸ್ಥಾನಪಟ್ಟಿ ಇನ್ನೂ ಚೆನ್ನಾಗಿ ಸಿದ್ಧವಾದರೆ ಅದೇ ಟಿಮ್ ಫೈಲನ್ನು ಹೊಸದಾಗಿ ತಿದ್ದಿಕೊಳ್ಳಬಹುದು. ಎಂಜೆಡಿಯಲ್ಲಿ ದಶಮಾಂಶದ ನಂತರ ಹದಿಮೂರು ಅಂಕಿಗಳನ್ನೂ ಕಾಣುತ್ತೀರಿ. ಅದು 64 ಬಿಟ್‌ನ ಒಂದೇ ಸಂಖ್ಯೆಗೆ ಹಿಡಿಯುವುದಿಲ್ಲ. ಅದಕ್ಕಾಗಿಯೇ ಪಠ್ಯವಾಗಿ ಇಟ್ಟು, ಓದುವಾಗ ಹೆಚ್ಚು ನಿಖರತೆಯ ಸಂಖ್ಯೆಯಾಗಿ ತೆಗೆದುಕೊಳ್ಳುತ್ತಾರೆ. ಪಠ್ಯ ಫೈಲು ಹಳೆಯ ಕಾಲದ್ದು, ನಿಖರತೆಗೆ ಬೈನರಿಯೇ ಬೇಕು ಎನ್ನುವವರು ಇದನ್ನು ನೋಡಬೇಕು.

ಆವೃತ್ತಿಯ ಕಾಲಂ ಯಾಕೆ ಬೇಕು ಎಂದು ಗೌರಿಬಿದನೂರಿನ ರೇಡಿಯೊ ದೂರದರ್ಶಕದ ಉದಾಹರಣೆಯಿಂದ ಚೆನ್ನಾಗಿ ತಿಳಿಯುತ್ತದೆ. ನಕ್ಷತ್ರಗಳ ನಡುವಿನ ಇಲೆಕ್ಟ್ರಾನುಗಳು ಕಡಿಮೆ ಆವೃತ್ತಿಯ ಅಲೆಯನ್ನು ಹೆಚ್ಚು ತಡಮಾಡುತ್ತವೆ. ಅಲ್ಲಿನ ಟಿ ಆಕಾರದ ಹಳೆಯ ಆಂಟೆನಾ ಸಾಲು ಕೆಲಸ ಮಾಡುತ್ತಿದ್ದ 34.5 ಮೆಗಾಹರ್ಟ್ಸ್‌ನಲ್ಲಿ ಪ್ರಸರಣಾಂಕದ (ದಾರಿಯಲ್ಲಿ ಎಷ್ಟು ಇಲೆಕ್ಟ್ರಾನುಗಳಿವೆ ಎಂಬ ಅಳತೆ) ಒಂದೊಂದು ಮಾನಕ್ಕೂ ಮೂರೂವರೆ ಸೆಕೆಂಡ್ ತಡ. ಪುಣೆ ಬಳಿಯ ರೇಡಿಯೊ ದೂರದರ್ಶಕ ಜಿಎಂಆರ್‌ಟಿಯಲ್ಲಿ 400 ಮೆಗಾಹರ್ಟ್ಸ್‌ನಲ್ಲಿ ಅದೇ ಮಾನಕ್ಕೆ 26 ಮಿಲಿಸೆಕೆಂಡ್. ಮೈಕ್ರೊಸೆಕೆಂಡಿನ ದೋಷ ಬರೆದಿಟ್ಟು ಆವೃತ್ತಿ ತಪ್ಪು ಬರೆದರೆ ಆ ಸಾಲಿಗೆ ಬೆಲೆಯಿಲ್ಲ. ಜಿಎಂಆರ್‌ಟಿಯಿಂದ 14 ಪಲ್ಸಾರ್‌ಗಳನ್ನು ಮೂರೂವರೆ ವರ್ಷ ನೋಡಿದ ಭಾರತೀಯ ಪಲ್ಸಾರ್ ಟೈಮಿಂಗ್ ಅರೇ 2022ರಲ್ಲಿ ತನ್ನ ಮೊದಲ ದತ್ತಾಂಶವನ್ನು ಹೊರತಂದಿದೆ. ಕಲಿಯಲು ಅದರ ಪಾರ್, ಟಿಮ್ ಜೋಡಿಗಳಿಗಿಂತ ಒಳ್ಳೆಯ ಮಾದರಿ ನಮ್ಮ ನಾಡಿನವರಿಗೆ ಬೇರೊಂದು ಬೇಕಿಲ್ಲ.

ಪಾರ್ ಫೈಲಿನಲ್ಲಿ ಯುನಿಟ್ಸ್ ಎಂಬ ಸಾಲನ್ನು ಹುಡುಕಿ. ಟೆಂಪೊ2 ಹೇಳದಿದ್ದರೆ ಟಿಸಿಬಿ ಎಂದುಕೊಳ್ಳುತ್ತದೆ, ಪಿಂಟ್ ಟಿಡಿಬಿ ಬಯಸುತ್ತದೆ. ಎರಡು ಗಡಿಯಾರಗಳ ವೇಗದಲ್ಲಿ ಹತ್ತು ಕೋಟಿಗೆ ಒಂದೂವರೆ ಪಾಲಿನಷ್ಟು ವ್ಯತ್ಯಾಸವಿದೆ. ಕೇಳಲು ಏನೂ ಅಲ್ಲ ಅನಿಸಬಹುದು. ಸೆಕೆಂಡಿಗೆ ನೂರು ಸಲ ಸುತ್ತುವ ಪಲ್ಸಾರ್‌ನಲ್ಲಿ ಒಂದು ವರ್ಷದೊಳಗೆ ಐವತ್ತು ಸುತ್ತಿನ ಲೆಕ್ಕ ತಪ್ಪುತ್ತದೆ.

ಹೊಸ ಪಲ್ಸಾರ್ ಹುಡುಕುವ ಪ್ರೆಸ್ಟೊದಲ್ಲಿ ಬೇರೆಯದೇ ರೀತಿ: ಅದರ ಡ್ಯಾಟ್ ಫೈಲಿನಲ್ಲಿ ಹೊತ್ತಿನ ಕಾಲಂ ಇಲ್ಲವೇ ಇಲ್ಲ, ಸಮ ಅಂತರದ ಸಂಖ್ಯೆಗಳು ಮಾತ್ರ. ಶುರುವಿನ ಹೊತ್ತು, ಅಂತರ ಎರಡೂ ಪಕ್ಕದ ಇನ್ಫ್ ಎಂಬ ಪಠ್ಯ ಫೈಲಿನಲ್ಲಿರುತ್ತವೆ. ಇವೆರಡನ್ನೂ ಒಂದೇ ಫೋಲ್ಡರಿನಲ್ಲಿ, ಒಂದೇ ಹೆಸರಿನಲ್ಲಿ ಇಡಿ.

ಮಧ್ಯದ ಫಲಿತಾಂಶ ಉಳಿಸಲು ಎಚ್‌ಡಿಎಫ್5 ಎಂಬ ಬೈನರಿ ಫಾರ್ಮ್ಯಾಟ್ ಚೆನ್ನಾಗಿದೆ, ದೊಡ್ಡ ಪಟ್ಟಿಗಳನ್ನು ಬೇಗ ಓದುತ್ತದೆ. ಪೈಥಾನಿನ ಪಿಕಲ್ ಬೇಡ, ಪೊಟ್ಟಣದ ಆವೃತ್ತಿ ಬದಲಾದರೆ ತೆರೆಯದೆ ಹೋಗಬಹುದು.

ಒಂದು ಫಾರ್ಮ್ಯಾಟಿನಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ನಾನು ಮಾಡುವ ಕೆಲಸ ಹತ್ತು ನಿಮಿಷದ್ದು. ಮೊದಲ ಸಾಲು, ಕೊನೆಯ ಸಾಲು, ನಡುವಿನ ಯಾವುದೋ ಒಂದು ಸಾಲಿನ ಹೊತ್ತನ್ನು ಎರಡೂ ಫೈಲಿನಿಂದ ತೆಗೆದು, ಟಿಡಿಬಿಯ ಬಿಜೆಡಿಗೆ ತಂದು, ಕಳೆದು ನೋಡುತ್ತೇನೆ. 0.229 ದಿನ ಬಂದರೆ ಭಾರತೀಯ ಕಾಲಮಾನ ಉಳಿದಿದೆ. 0.5 ಬಂದರೆ ಜೆಡಿ, ಎಂಜೆಡಿ ಬೆರೆತಿವೆ. 69 ಸೆಕೆಂಡ್ ಬಂದರೆ ಯುಟಿಸಿ. ಕೆಲವೇ ನಿಮಿಷವಿದ್ದು ತಿಂಗಳಿಂದ ತಿಂಗಳಿಗೆ ಬದಲಾಗುತ್ತಿದ್ದರೆ ಭೂಮಿಯ ಸ್ಥಾನ ತಿದ್ದಿಲ್ಲ. ಎಲ್ಲ ಸಾಲಿನಲ್ಲೂ ಚಿತ್ರದ ಅವಧಿಯ ಅರ್ಧದಷ್ಟೇ ಬಂದರೆ ಶುರುವಿನ ಹೊತ್ತನ್ನು ನಡುವಿನದೆಂದು ಬರೆದಿದ್ದೇವೆ. ಮೂರು ಸಾಲಿಗೂ ಸೊನ್ನೆ ಬಂದ ಮೇಲೆಯೇ ಮೂಲ ಫೈಲಿಗೆ ಓದಲು ಮಾತ್ರ ಎಂಬ ಅನುಮತಿ ಹಾಕಿ, ಹೊಸ ಫೈಲನ್ನು ತಂತ್ರಾಂಶಕ್ಕೆ ಕೊಡುತ್ತೇನೆ.